ಅಂಕಪಟ್ಟಿಯಲ್ಲಿ ಕಾಣದ ಸೋದರಮಾವ: ಬಾಲ್ಟಿಮೋರಿನ 790 ಮಕ್ಕಳ ಪ್ರಕರಣ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಂದರು ನಗರ ಬಾಲ್ಟಿಮೋರಿನಲ್ಲಿ 1982ರ ಶಾಲಾ ವರ್ಷ ಆರಂಭವಾದಾಗ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರಾದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್ವಿಸಲ್ ಅಲ್ಲಿನ 20 ಸರ್ಕಾರಿ ಶಾಲೆಗಳ ಒಂದನೇ ತರಗತಿಯಿಂದ 790 ಮಕ್ಕಳನ್ನು ಆರಿಸಿಕೊಂಡರು. ಮನೆಯಿಂದ ಶಾಲೆಯ ಬೆಂಚಿಗೆ ಬಂದು ಕೂತ ಮಗುವಿಗೆ ಮೊದಲ ಕೆಲವು ವರ್ಷಗಳಲ್ಲಿ ಏನಾಗುತ್ತದೆ ಎಂದು ತಿಳಿಯುವುದಷ್ಟೇ ಅವರ ಮೊದಲ ಉದ್ದೇಶವಾಗಿತ್ತು. ಆದರೆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಮಕ್ಕಳು ಬೆಳೆದು ಊರು ಬದಲಿಸಿದರು, ಕೆಲವರು ಶಾಲೆ ಬಿಟ್ಟರು, ಕೆಲವರು ಜೈಲು ಸೇರಿದರು, ಕೆಲವರು ತೀರಿಕೊಂಡರು. ಸಂಶೋಧಕರು ಮಾತ್ರ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಲೇ ಇದ್ದರು. ಆ ಮಕ್ಕಳಿಗೆ 28 ವರ್ಷ ತುಂಬುವ ಹೊತ್ತಿಗೂ ಐದರಲ್ಲಿ ನಾಲ್ವರಷ್ಟು ಮಂದಿ ಅವರ ಸಂಪರ್ಕದಲ್ಲಿ ಉಳಿದಿದ್ದರು. ಒಂದೇ ಊರಿನ ಒಂದೇ ತಲೆಮಾರನ್ನು ಇಷ್ಟು ವರ್ಷ ಬಿಡದೆ ಹಿಂಬಾಲಿಸಿದ ಅಧ್ಯಯನಗಳು ವಿರಳ. ಅದರ ಫಲಿತಾಂಶಗಳು ಒಟ್ಟಾಗಿ ಹೊರಬಂದದ್ದು 2014ರಲ್ಲಿ. ಎಂಟ್ವಿಸಲ್ ಅದಕ್ಕೆ ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದರು.

ಈ ಅಧ್ಯಯನದ ಒಂದು ಭಾಗವನ್ನು ಇಲ್ಲಿ ಪ್ರಕರಣವಾಗಿ ಎತ್ತಿಕೊಂಡಿದ್ದೇನೆ. ಬಡ ಮನೆಗಳಲ್ಲಿ ಹುಟ್ಟಿ ಕಾಲೇಜಿನ ಮೆಟ್ಟಿಲು ಹತ್ತದೆ ಉಳಿದ ಹುಡುಗರಲ್ಲಿ ಯಾರು ದುಡಿಮೆಯ ದಾರಿ ಹಿಡಿದರು, ಯಾರಿಗೆ ಅದು ಸಿಗಲಿಲ್ಲ ಎಂಬುದೇ ಆ ಭಾಗ. ಅಮೆರಿಕ ತನ್ನನ್ನು ವ್ಯಕ್ತಿಯ ಪ್ರಯತ್ನಕ್ಕೆ ಬೆಲೆ ಕೊಡುವ ಸಮಾಜವೆಂದು ನಂಬಿಕೊಂಡಿದೆ. ಅಲ್ಲಿ ಒಬ್ಬ ಮನುಷ್ಯ ಮೇಲೇರಿದರೆ ಅದು ಅವನ ಓದು, ನಡತೆ ಮತ್ತು ಶ್ರಮದ ಫಲ. ಕೆಳಗುಳಿದರೆ ಈ ಮೂರರಲ್ಲಿ ಯಾವುದೋ ಒಂದರ ಕೊರತೆ. ಈ ಲೆಕ್ಕ ಬಾಲ್ಟಿಮೋರಿನಲ್ಲಿ ಎಲ್ಲಿ ತಪ್ಪಿತು ಎಂಬುದನ್ನು ನೋಡುವುದು ಈ ಬರಹದ ಕೆಲಸ.

ಮೊದಲು ಒಟ್ಟು ಚಿತ್ರ. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಕಡಿಮೆ ಆದಾಯದ ಕುಟುಂಬಗಳವರು. 28ನೇ ವಯಸ್ಸಿಗೆ ಬಡ ಮನೆಯ ಮಕ್ಕಳಲ್ಲಿ ಕಾಲೇಜು ಪದವಿ ಪಡೆದವರು ಶೇ. 4, ತುಸು ಅನುಕೂಲವಿದ್ದ ಮನೆಯ ಮಕ್ಕಳಲ್ಲಿ ಶೇ. 45. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತಂದೆತಾಯಿ ಇದ್ದ ಆರ್ಥಿಕ ಮಟ್ಟದಲ್ಲೇ ಉಳಿದರು. ತೀರಾ ಕೆಳಗಿನ ಗುಂಪಿನಿಂದ ಮೇಲಿನ ಗುಂಪಿಗೆ ಏರಿದವರು 33 ಮಂದಿ. ಹುಟ್ಟಿದ ಮನೆಗೂ ಮುಂದಿನ ಬದುಕಿಗೂ ಸಂಬಂಧವೇ ಇಲ್ಲದಿದ್ದರೆ ಈ ಸಂಖ್ಯೆ 70ರ ಹತ್ತಿರ ಇರಬೇಕಿತ್ತು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮೇಲಿನಿಂದ ಕೆಳಕ್ಕೆ ಜಾರಿದವರು ಅದಕ್ಕಿಂತಲೂ ಕಡಿಮೆ, 19 ಮಂದಿ. ಏಣಿ ಹತ್ತುವುದು ಕಷ್ಟ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಮೇಲಿದ್ದವರು ಬೀಳುವುದೂ ಅಷ್ಟೇ ಕಷ್ಟ ಎಂಬ ಮಾತು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಇಷ್ಟರವರೆಗೆ ಆಶ್ಚರ್ಯವೇನೂ ಇಲ್ಲ. ಹಣವಿದ್ದವರ ಮಕ್ಕಳು ಓದುತ್ತಾರೆ, ಓದಿದವರು ದುಡಿಯುತ್ತಾರೆ ಎಂದು ಯಾರಾದರೂ ಹೇಳಿ ಮುಗಿಸಬಹುದು. ತೊಡಕು ಶುರುವಾಗುವುದು ಬಡವರೊಳಗೆ ಹೋಲಿಕೆ ಮಾಡಿದಾಗ.

ಬಡ ಮನೆಯ ಬಿಳಿಯ ಹುಡುಗರನ್ನು ತೆಗೆದುಕೊಳ್ಳಿ. ಇಡೀ ಗುಂಪಿನಲ್ಲಿ ಕಾಲೇಜಿಗೆ ಸೇರಿದವರ ಪ್ರಮಾಣವೂ ಅಲ್ಲಿಂದ ಪದವಿ ಮುಗಿಸಿ ಹೊರಬಂದವರ ಪ್ರಮಾಣವೂ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಇವರಲ್ಲಿ. ನಡತೆಯ ಲೆಕ್ಕದಲ್ಲೂ ಇವರು ಮುಂದಿರಲಿಲ್ಲ: ಮಾದಕ ವಸ್ತು, ವಿಪರೀತ ಕುಡಿತ, ಧೂಮಪಾನ ಈ ಮೂರರಲ್ಲೂ ತಾವೇ ಒಪ್ಪಿಕೊಂಡ ಪ್ರಮಾಣದಲ್ಲಿ ಅನುಕೂಲಸ್ಥ ಮನೆಯ ಬಿಳಿಯ ಹುಡುಗರು ಮೊದಲ ಸ್ಥಾನದಲ್ಲಿದ್ದರೆ, ಬಡ ಮನೆಯ ಬಿಳಿಯ ಹುಡುಗರು ಎರಡನೆಯ ಸ್ಥಾನದಲ್ಲಿದ್ದರು. 28ನೇ ವಯಸ್ಸಿಗೆ ಬಡ ಮನೆಯ ಬಿಳಿಯ ಗಂಡಸರಲ್ಲಿ ಶೇ. 41 ಮಂದಿಯ ಮೇಲೆ ಯಾವುದಾದರೊಂದು ಅಪರಾಧ ಸಾಬೀತಾದ ದಾಖಲೆ ಇತ್ತು. ಬಡ ಮನೆಯ ಕಪ್ಪುವರ್ಣೀಯ ಗಂಡಸರಲ್ಲಿ ಶೇ. 49. ವ್ಯತ್ಯಾಸವಿದೆ, ಆದರೆ ಬದುಕಿನ ದಾರಿಯನ್ನೇ ಬೇರೆಯಾಗಿಸುವಷ್ಟು ದೊಡ್ಡದಲ್ಲ.

ಹಾಗಿದ್ದೂ ಕಾಲೇಜಿಗೆ ಹೋಗದವರಲ್ಲಿ ಒಳ್ಳೆಯ ಸಂಬಳದ ಕೆಲಸಗಳು ಸಿಕ್ಕಿದ್ದು ಈ ಬಿಳಿಯ ಹುಡುಗರಿಗೆ. 28ರ ವಯಸ್ಸಿನಲ್ಲಿ ಅವರಲ್ಲಿ ಶೇ. 45 ಮಂದಿ ಕಟ್ಟಡ ನಿರ್ಮಾಣದ ಕಸುಬುಗಳಲ್ಲಿ ಇಲ್ಲವೇ ಕಾರ್ಖಾನೆಯ ನುರಿತ ಕೆಲಸಗಳಲ್ಲಿದ್ದರು. ಅದೇ ಹಿನ್ನೆಲೆಯ ಕಪ್ಪುವರ್ಣೀಯ ಗಂಡಸರಲ್ಲಿ ಅಂಥ ಕೆಲಸದಲ್ಲಿದ್ದವರು ಶೇ. 15. ಒಳಗೆ ಹೊಕ್ಕವರ ನಡುವೆಯೂ ಸಮಾನತೆ ಇರಲಿಲ್ಲ. ಈ ಕಸುಬುಗಳಲ್ಲಿ ಬಿಳಿಯರ ಸರಾಸರಿ ಗಳಿಕೆ ಕಪ್ಪುವರ್ಣೀಯರ ಗಳಿಕೆಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇನ್ನೂ ನಿಚ್ಚಳವಾದ ಹೋಲಿಕೆ ಬೇಕೆಂದರೆ ಹೈಸ್ಕೂಲನ್ನೇ ಮುಗಿಸದವರನ್ನು ನೋಡಬಹುದು. ಅವರ ಕೈಯಲ್ಲಿ ತೋರಿಸಲು ಒಂದು ಸರ್ಟಿಫಿಕೇಟೂ ಇಲ್ಲ. 22ನೇ ವಯಸ್ಸಿನಲ್ಲಿ ಅಂಥ ಬಿಳಿಯರಲ್ಲಿ ಶೇ. 89 ಮಂದಿ ದುಡಿಯುತ್ತಿದ್ದರು, ಕಪ್ಪುವರ್ಣೀಯರಲ್ಲಿ ಶೇ. 40.

ಓದು, ನಡತೆ, ಶ್ರಮ ಎಂಬ ಮೂರು ಕಾಲಂಗಳ ಪಟ್ಟಿಯಿಂದ ಈ ಫಲಿತಾಂಶ ಹೊರಡುವುದಿಲ್ಲ. ಪಟ್ಟಿಯಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಆ ಕಾಲಂ ಯಾವುದು ಎಂದು ತಿಳಿಯಲು ಈ ಮಕ್ಕಳು ಹುಟ್ಟುವುದಕ್ಕೂ ಹಿಂದಕ್ಕೆ ಹೋಗಬೇಕು.

ಬಾಲ್ಟಿಮೋರ್ ದುಡಿಯುವ ಜನರ ಊರು. ಬಂದರು, ಹಡಗು ಕಟ್ಟೆ, ಹಡಗಿನ ಹಾಯಿಬಟ್ಟೆ ನೇಯುತ್ತಿದ್ದ ಹ್ಯಾಂಪ್ಡನ್ ಕಡೆಯ ಗಿರಣಿಗಳು, ಎಲ್ಲಕ್ಕಿಂತ ಮಿಗಿಲಾಗಿ ನಗರದ ಹೊರಗೆ ಸ್ಪ್ಯಾರೋಸ್ ಪಾಯಿಂಟ್ ಎಂಬಲ್ಲಿದ್ದ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಉಕ್ಕಿನ ಕಾರ್ಖಾನೆ. 1950ರ ದಶಕದ ಕೊನೆಗೆ ಅಲ್ಲಿ ಸುಮಾರು 30,000 ಜನ ಕೆಲಸ ಮಾಡುತ್ತಿದ್ದರು. ಕಪ್ಪುವರ್ಣೀಯರೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು, ಆದರೆ ಹೆಚ್ಚಾಗಿ ಕೋಕ್ ಒಲೆಯಂಥ (ಕಲ್ಲಿದ್ದಲನ್ನು ಕಾಯಿಸಿ ಕುಲುಮೆಗೆ ಬೇಕಾದ ಕೋಕ್ ಎಂಬ ಇಂಧನ ತಯಾರಿಸುವ ಒಲೆ) ಬಿಸಿ, ಹೊಗೆ, ದೂಳಿನ ವಿಭಾಗಗಳಲ್ಲಿ. ಅವರನ್ನು ಅಲ್ಲೇ ಹಿಡಿದಿಟ್ಟಿದ್ದು ಬೈಗುಳವಲ್ಲ, ಒಂದು ಸೇವಾ ನಿಯಮ. ಹಿರಿತನವನ್ನು ಲೆಕ್ಕ ಹಾಕುತ್ತಿದ್ದುದು ಕಾರ್ಖಾನೆಗೆ ಸೇರಿದ ದಿನದಿಂದಲ್ಲ, ವಿಭಾಗಕ್ಕೆ ಸೇರಿದ ದಿನದಿಂದ. ಕೋಕ್ ಒಲೆಯ ಮುಂದೆ ಇಪ್ಪತ್ತು ವರ್ಷ ದುಡಿದವನು ಒಳ್ಳೆಯ ವಿಭಾಗಕ್ಕೆ ವರ್ಗ ಕೇಳಿದರೆ ಅಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗನಿಗಿಂತಲೂ ಕಿರಿಯನಾಗುತ್ತಿದ್ದ, ಕಾರ್ಮಿಕರನ್ನು ಕಡಿತ ಮಾಡುವಾಗ ಅವನ ಹೆಸರೇ ಮೊದಲು ಬರುತ್ತಿತ್ತು. ಮನೆ ಮಕ್ಕಳಿರುವವನು ಆ ಅಪಾಯಕ್ಕೆ ಕೈಹಾಕುವುದಾದರೂ ಹೇಗೆ? ಇದನ್ನು ಕೊನೆಗಾಣಿಸಲು 1974ರಲ್ಲಿ ಒಂಬತ್ತು ಉಕ್ಕು ಕಂಪನಿಗಳು ಮತ್ತು ಕಾರ್ಮಿಕ ಸಂಘ ಸರ್ಕಾರದೊಂದಿಗೆ ನ್ಯಾಯಾಲಯದ ಒಪ್ಪಂದಕ್ಕೆ ಬರಬೇಕಾಯಿತು.

ನಮ್ಮ ಪ್ರಕರಣದ ಮಕ್ಕಳು ಹುಟ್ಟಿದ್ದು ಹೆಚ್ಚುಕಡಿಮೆ 1976ರಲ್ಲಿ. ಅಂದರೆ ಕಪ್ಪುವರ್ಣೀಯ ತಂದೆಯರಿಗೆ ಒಳ್ಳೆಯ ವಿಭಾಗಗಳ ಬಾಗಿಲು ತೆರೆದು ಎರಡೇ ವರ್ಷವಾಗಿತ್ತು, ಮತ್ತು ಅಷ್ಟರಲ್ಲಿ ಅಮೆರಿಕದ ಉಕ್ಕಿನ ಉದ್ಯಮ ಕುಗ್ಗತೊಡಗಿತ್ತು. ಮುಂದೆ 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೈ ಬದಲಾದ ಕಾರ್ಖಾನೆ 2012ರಲ್ಲಿ ಬಾಗಿಲು ಮುಚ್ಚಿತು. ವಾಸದ ವಿಷಯವೂ ಇದೇ ಬಗೆಯದು. ಬಿಳಿಯರ ಬೀದಿ ಯಾವುದು, ಕಪ್ಪುವರ್ಣೀಯರ ಬೀದಿ ಯಾವುದು ಎಂದು ಕಾನೂನಿನ ಮೂಲಕವೇ ಗೆರೆ ಎಳೆದ ಅಮೆರಿಕದ ಮೊದಲ ನಗರ ಬಾಲ್ಟಿಮೋರ್, 1910ರಲ್ಲಿ. ಅಂಥ ಕಾನೂನುಗಳನ್ನು ಸುಪ್ರೀಂ ಕೋರ್ಟ್ 1917ರಲ್ಲಿ ಅಸಿಂಧುಗೊಳಿಸಿದ ಮೇಲೂ, 1937ರ ಸರ್ಕಾರಿ ನಕ್ಷೆ ಸಾಲ ಕೊಡಲು ಯೋಗ್ಯವಲ್ಲದ ಬಡಾವಣೆಗಳೆಂದು ಕಪ್ಪುವರ್ಣೀಯರ ಪ್ರದೇಶಗಳಿಗೆ ಕೆಂಪು ಬಳಿಯಿತು.

ಈ ಇತಿಹಾಸದಿಂದ ಹೊರಟ ಫಲ ಹಣದ ರೂಪದಲ್ಲಿ ಮಾತ್ರ ಇರಲಿಲ್ಲ, ನೆಂಟಸ್ತಿಕೆಯ ರೂಪದಲ್ಲೂ ಇತ್ತು. 1990ರ ದಶಕದ ನಡುವೆ ಹದಿನೆಂಟು ತುಂಬಿದ ಬಡ ಬಿಳಿಯ ಹುಡುಗನ ಕೈಯಲ್ಲಿ ಕಾಸು ಇರಲಿಲ್ಲ, ಅಂಕಪಟ್ಟಿಯೂ ಚೆನ್ನಾಗಿರಲಿಲ್ಲ. ಅವನ ಬೀದಿಯಲ್ಲಿ ಮಾತ್ರ ಒಬ್ಬ ಪ್ಲಂಬರ್ ಇದ್ದ, ಒಬ್ಬ ವೆಲ್ಡರ್ ಇದ್ದ, ಸಣ್ಣ ಗುತ್ತಿಗೆ ಹಿಡಿಯುವ ಸೋದರಮಾವನೋ ಚಿಕ್ಕಪ್ಪನೋ ಇದ್ದ. ಕೆಲಸ ಸಿಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಗುಟ್ಟೇನೂ ಕಾಣುವುದಿಲ್ಲ. ಶುಕ್ರವಾರ ಸಂಜೆ ಮೇಸ್ತ್ರಿ ತನ್ನವರ ಕಡೆ ತಿರುಗಿ, ಸೋಮವಾರಕ್ಕೆ ಒಬ್ಬ ಆಳು ಕಡಿಮೆ ಬೀಳುತ್ತದೆ, ಯಾರಾದರೂ ಇದ್ದಾರಾ ಎಂದು ಕೇಳುತ್ತಾನೆ. ನನ್ನ ಅಕ್ಕನ ಮಗ ಮನೆಯಲ್ಲೇ ಇದ್ದಾನೆ ಎಂದು ಒಬ್ಬ ಹೇಳುತ್ತಾನೆ. ಸೋಮವಾರ ಬೆಳಗಿನ ಆರಕ್ಕೆ ಆ ಹುಡುಗ ಮಾವನ ವ್ಯಾನಿನಲ್ಲಿ, ಮಾವನ ಹಳೆಯ ಬೂಟು ಹಾಕಿಕೊಂಡು ಬಂದಿಳಿಯುತ್ತಾನೆ. ಮೊದಲ ವಾರ ಪೈಪನ್ನು ತಪ್ಪು ಅಳತೆಗೆ ಕತ್ತರಿಸುತ್ತಾನೆ. ಮಾವನ ಮುಖ ನೋಡಿ ಮೇಸ್ತ್ರಿ ಸುಮ್ಮನಾಗುತ್ತಾನೆ. ಮೂರು ವರ್ಷದ ನಂತರ ಆ ಹುಡುಗ ನಿಜಕ್ಕೂ ಕೆಲಸ ಬಲ್ಲವನಾಗಿರುತ್ತಾನೆ, ತನ್ನ ಬೆವರಿನಿಂದಲೇ ಬದುಕು ಕಟ್ಟಿಕೊಂಡೆ ಎಂಬ ಅವನ ಮಾತಿನಲ್ಲಿ ಸುಳ್ಳೂ ಇರುವುದಿಲ್ಲ. ಆದರೆ ಆ ಕೆಲಸ ಯಾವ ಪತ್ರಿಕೆಯಲ್ಲೂ ಜಾಹೀರಾತಾಗಿರಲಿಲ್ಲ. ಅದಕ್ಕೆ ಅರ್ಜಿ ಹಾಕದ ಕಪ್ಪುವರ್ಣೀಯ ಹುಡುಗ ಸೋಮಾರಿಯಾಗಿರಲಿಲ್ಲ. ಅಂಥದೊಂದು ಕೆಲಸ ಇದೆಯೆಂಬುದೇ ಅವನ ಮನೆಯವರೆಗೆ ಬಂದಿರಲಿಲ್ಲ. ಪೈಪು ತಪ್ಪಾಗಿ ಕತ್ತರಿಸಿದ ದಿನ ಅವನ ಪರವಾಗಿ ನೋಡಲು ಅಲ್ಲಿ ಮಾವನೂ ಇರುತ್ತಿರಲಿಲ್ಲ.

ನಮ್ಮಲ್ಲಿ ಇಂಥದ್ದಕ್ಕೆ ವಶೀಲಿ ಎಂಬ ಹೆಸರಿದೆ. ಬಾಯಲ್ಲಿ ಬೈದುಕೊಂಡರೂ, ಮಗನಿಗೆ ಕೆಲಸ ಬೇಕಾದಾಗ ಯಾರ ಪರಿಚಯವಿದೆ ಎಂದು ನಾವು ಮೊದಲು ಯೋಚಿಸುತ್ತೇವೆ, ಮತ್ತು ಹಾಗೆ ಯೋಚಿಸುತ್ತಿದ್ದೇವೆ ಎಂಬ ಅರಿವೂ ನಮಗಿರುತ್ತದೆ. ಬಾಲ್ಟಿಮೋರಿನ ಕಥೆಯಲ್ಲಿ ಲಂಚವಿಲ್ಲ, ಶಿಫಾರಸು ಪತ್ರವಿಲ್ಲ, ನಿಯಮ ಮುರಿದವರೂ ಇಲ್ಲ. ಅಕ್ಕನ ಮಗನಿಗೆ ದಾರಿ ತೋರಿಸಿದ್ದು ತಪ್ಪು ಎಂದು ಯಾವ ಸಮಾಜವೂ ಹೇಳಲಾರದು. ಅದಕ್ಕೊಂದು ಹೆಸರು ಇಲ್ಲದಿರುವುದರಿಂದಲೇ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ. ಉಂಡವನಿಗೆ ಊಟದ ನೆನಪಿದೆ, ಬಡಿಸಿದ ಕೈಯ ನೆನಪಿಲ್ಲ.

ಹೆಣ್ಣುಮಕ್ಕಳ ಸ್ಥಿತಿ ಬೇರೆಯೇ ಒಂದು ಪ್ರಕರಣವಾಗುವಷ್ಟು ದೊಡ್ಡದು, ಇಲ್ಲಿ ಎರಡು ಮಾತು ಸಾಕು. ಈ ಕಸುಬುಗಳಲ್ಲಿ ಹೆಂಗಸರು ಇರಲಿಲ್ಲವೆಂದೇ ಹೇಳಬೇಕು. ಬಡ ಮನೆಯ ಬಿಳಿಯ ಮತ್ತು ಕಪ್ಪುವರ್ಣೀಯ ಹೆಂಗಸರಿಬ್ಬರ ಸ್ವಂತ ಗಳಿಕೆಯೂ ಬಿಳಿಯ ಗಂಡಸರದ್ದಕ್ಕಿಂತ ಕಡಿಮೆ ಇತ್ತು, ಹದಿಹರೆಯದಲ್ಲಿ ತಾಯಂದಿರಾದವರ ಪ್ರಮಾಣವೂ ಎರಡು ಕಡೆ ಹೋಲುತ್ತಿತ್ತು. ಆದರೆ ಮನೆಯ ಒಟ್ಟು ಆದಾಯ ನೋಡಿದಾಗ ಬಿಳಿಯ ಹೆಂಗಸರು ಬಿಳಿಯ ಗಂಡಸರಿಗೆ ಸಮವಾಗಿದ್ದರು, ಏಕೆಂದರೆ ಅವರು ಬಾಳುತ್ತಿದ್ದುದು ಆ ಗಂಡಸರ ಜೊತೆಯಲ್ಲೇ. ಮಾವ ಕೊಡಿಸಿದ ಕೆಲಸ ಹೀಗೆ ಇನ್ನೊಂದು ಮನೆಯ ಅಡುಗೆಮನೆಯವರೆಗೂ ತಲುಪುತ್ತಿತ್ತು. ಅದು ಸಿಗದ ಬೀದಿಗಳಲ್ಲಿ ಸ್ಥಿರವಾದ ಸಂಸಾರ ಹೂಡುವುದೇ ಕಷ್ಟವಾಗಿತ್ತು.

ಈ ವಿವರಣೆಯನ್ನು ಒಪ್ಪುವ ಮೊದಲು ಎದುರು ವಾದವನ್ನು ಕೇಳಬೇಕು. ಬಿಳಿಯ ಹುಡುಗರಿಗೆ ಕಸುಬಿನಲ್ಲಿ ಹೆಚ್ಚು ಆಸಕ್ತಿ, ಹೆಚ್ಚು ತರಬೇತಿ, ಕೆಲಸದ ಬಗ್ಗೆ ಹೆಚ್ಚು ಶಿಸ್ತು ಇದ್ದಿರಬಹುದಲ್ಲವೇ? ಇದಕ್ಕೆ ಉತ್ತರ ಅದೇ ಬಾಲ್ಟಿಮೋರಿನಿಂದಲೇ, ಬೇರೊಬ್ಬ ಸಮಾಜಶಾಸ್ತ್ರಜ್ಞೆಯಿಂದ ಬಂದಿದೆ. ಡೀರ್ಡ್ರಿ ರಾಯ್ಸ್ಟರ್ ಅವರು 1990ರ ಆಸುಪಾಸಿನಲ್ಲಿ ಅಲ್ಲಿನ ಒಂದೇ ವೃತ್ತಿಶಿಕ್ಷಣ ಪ್ರೌಢಶಾಲೆಯಿಂದ ತೇರ್ಗಡೆಯಾದ 25 ಬಿಳಿಯ ಮತ್ತು 25 ಕಪ್ಪುವರ್ಣೀಯ ಯುವಕರನ್ನು ಮಾತಾಡಿಸಿದರು. ಒಂದೇ ಕಾರ್ಯಾಗಾರ, ಒಂದೇ ಉಪಕರಣ, ಅವೇ ಮೇಷ್ಟ್ರುಗಳು. ಓದಿನಲ್ಲಾಗಲಿ ಹಾಜರಿಯಲ್ಲಾಗಲಿ ಕಪ್ಪುವರ್ಣೀಯ ಯುವಕರು ಹಿಂದಿರಲಿಲ್ಲ. ಆದರೂ ಕೆಲಸ, ಸಂಬಳ, ಕಲಿತ ಕಸುಬಿನಲ್ಲೇ ಮುಂದುವರಿಯುವ ಅವಕಾಶ ಎಲ್ಲದರಲ್ಲೂ ಬಿಳಿಯರು ಮುಂದೆ ಹೋದರು. ವ್ಯತ್ಯಾಸ ಇದ್ದದ್ದು ಮೇಷ್ಟ್ರು ಸಹಾಯ ಮಾಡಿದ ರೀತಿಯಲ್ಲಿ. ಕಪ್ಪುವರ್ಣೀಯ ಹುಡುಗನ ಬೆನ್ನು ತಟ್ಟಿ ಚೆನ್ನಾಗಿ ಮಾಡುತ್ತೀಯ ಎಂದು ಹೇಳುತ್ತಿದ್ದರು. ಬಿಳಿಯ ಹುಡುಗನಿಗಾದರೆ ತಮ್ಮ ಪರಿಚಯದ ಗುತ್ತಿಗೆದಾರನಿಗೆ ಹೇಳಿ ಕೆಲಸವನ್ನೇ ಕೊಡಿಸುತ್ತಿದ್ದರು. ಬಹುಶಃ ಯಾವ ಮೇಷ್ಟ್ರಿಗೂ ತಾನು ತಾರತಮ್ಯ ಮಾಡಿದೆ ಎಂದು ಅನಿಸಿರಲಿಕ್ಕಿಲ್ಲ, ಹುಡುಗ ತನ್ನ ಬೀದಿಯವನಂತೆ ಕಂಡಿದ್ದನಷ್ಟೆ.

ಅಪರಾಧ ದಾಖಲೆಯ ವಿಷಯದಲ್ಲೂ ಇದೇ ರೀತಿಯ ಸಾಕ್ಷ್ಯವಿದೆ. ಡೆವಾ ಪೇಜರ್ ಎಂಬ ಸಂಶೋಧಕಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಒಂದೇ ಅರ್ಹತೆ ತೋರಿಸುವ ಯುವಕರನ್ನು ಸಣ್ಣಪುಟ್ಟ ಕೆಲಸಗಳಿಗೆ ಅರ್ಜಿ ಹಾಕಲು ಕಳಿಸಿ, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಜೈಲಿಗೆ ಹೋಗಿಬಂದೆನೆಂದು ಹೇಳಿಕೊಂಡ ಬಿಳಿಯನಿಗೆ ಮರುಕರೆ ಬಂದದ್ದು ಶೇ. 17 ಕಡೆಗಳಿಂದ, ಯಾವ ದಾಖಲೆಯೂ ಇಲ್ಲದ ಕಪ್ಪುವರ್ಣೀಯನಿಗೆ ಶೇ. 14 ಕಡೆಗಳಿಂದ. ಇದು ಅಪರಿಚಿತರ ನಡುವಿನ ವ್ಯವಹಾರ. ಬಾಲ್ಟಿಮೋರಿನಲ್ಲಿ ಇದರ ಮೇಲೆ ಪರಿಚಯದ ಬಲವೂ ಕೂಡಿತ್ತು. ಹುಡುಗ ಒಂದು ಸಲ ಎಡವಿದ್ದಾನೆ, ಆದರೆ ಒಳ್ಳೆಯವನು, ನಾನು ಬಲ್ಲೆ ಎಂದು ಮೇಸ್ತ್ರಿಗೆ ಹೇಳುವವರು ಯಾರಿಗಿದ್ದರು, ಯಾರಿಗಿರಲಿಲ್ಲ ಎಂಬುದರ ಮೇಲೆ ಶೇ. 41 ಮತ್ತು ಶೇ. 49ರ ನಡುವಿನ ಸಣ್ಣ ಅಂತರ ದುಡಿಮೆಯಲ್ಲಿ ದೊಡ್ಡ ಕಂದಕವಾಯಿತು. ಅಲೆಕ್ಸಾಂಡರ್ ಅವರೂ ಇದೇ ಕಾರಣವನ್ನು ಮುಂದಿಟ್ಟಿದ್ದಾರೆ.

ಈ ಅಧ್ಯಯನದ ಹೆಚ್ಚು ಪ್ರಸಿದ್ಧವಾದ ಭಾಗ ಇದಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳಿಗೆ ವರ್ಷಕ್ಕೆರಡು ಬಾರಿ, ಶಾಲೆ ತೆರೆದಾಗ ಮತ್ತು ಮುಚ್ಚುವಾಗ, ಪರೀಕ್ಷೆ ನಡೆಸಿದ್ದರಿಂದ ಶಾಲೆಯ ತಿಂಗಳುಗಳನ್ನೂ ಬೇಸಿಗೆ ರಜೆಯನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಶಾಲೆ ನಡೆಯುವಾಗ ಬಡ ಮಕ್ಕಳೂ ಅನುಕೂಲಸ್ಥ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಾರೆ, ರಜೆಯಲ್ಲಿ ಅಂತರ ಹೆಚ್ಚುತ್ತದೆ ಎಂಬ ತೀರ್ಮಾನ ಹೊರಬಂತು. ಶಾಲೆಯೆಂಬ ನಲ್ಲಿ ಬಿಟ್ಟಿರುವಷ್ಟು ದಿನ ಎಲ್ಲರ ಕೊಡವೂ ತುಂಬುತ್ತದೆ, ನಲ್ಲಿ ನಿಂತ ಮೇಲೆ ಮನೆಯಲ್ಲಿ ಬಾವಿ ಇದ್ದವರಿಗೆ ಮಾತ್ರ ನೀರು. ಈ ಹೋಲಿಕೆಯಲ್ಲಿ ನಲ್ಲಿ ಸಂಶೋಧಕರದ್ದು, ಬಾವಿ ನನ್ನದು. ಆದರೆ ಪಾಲ್ ವಾನ್ ಹಿಪೆಲ್ ಮೊದಲಾದ ಸಂಶೋಧಕರು ಆ ಕಾಲದ ಪರೀಕ್ಷೆಗಳ ಅಂಕ ನೀಡುವ ಕ್ರಮವನ್ನು ಮತ್ತೆ ಪರಿಶೀಲಿಸಿ, ರಜೆಯಲ್ಲಿ ಹೆಚ್ಚಿದಂತೆ ಕಂಡ ಅಂತರ ಪರೀಕ್ಷೆಯ ರಚನೆಯಿಂದ ಹುಟ್ಟಿದ್ದಿರಬಹುದು ಎಂದು 2019ರ ಸುಮಾರಿಗೆ ವಾದಿಸಿದ್ದಾರೆ. ಅವರ ವಾದದಲ್ಲಿ ಹುರುಳಿದೆ, ಹಾಗಾಗಿ ಈ ಪ್ರಕರಣವನ್ನು ಬೇಸಿಗೆ ರಜೆಯ ಮೇಲೆ ನಿಲ್ಲಿಸಲು ನಾನು ಹೋಗುವುದಿಲ್ಲ. 28ನೇ ವಯಸ್ಸಿನಲ್ಲಿ ಯಾರು ಯಾವ ಕೆಲಸದಲ್ಲಿದ್ದರು ಎಂಬುದಕ್ಕೆ ಆ ಆಕ್ಷೇಪಣೆ ತಟ್ಟುವುದಿಲ್ಲ.

ಇನ್ನೊಂದು ಮಿತಿಯನ್ನು ಗಮನಿಸಬೇಕು. ಇವರೆಲ್ಲ ಸರ್ಕಾರಿ ಶಾಲೆಯ ಮಕ್ಕಳು. ಬಾಲ್ಟಿಮೋರಿನ ನಿಜವಾದ ಶ್ರೀಮಂತರು ಆ ಹೊತ್ತಿಗೆ ಹೊರವಲಯದ ಬಡಾವಣೆಗಳಿಗೆ ಅಥವಾ ಖಾಸಗಿ ಶಾಲೆಗಳಿಗೆ ಹೋಗಿಯಾಗಿತ್ತು. ಆದ್ದರಿಂದ ಇಲ್ಲಿ ಅನುಕೂಲಸ್ಥರು ಎಂದು ಕರೆಸಿಕೊಂಡವರು ಮಧ್ಯಮ ವರ್ಗದವರು, ಮತ್ತು ಶೇ. 4ಕ್ಕೂ ಶೇ. 45ಕ್ಕೂ ನಡುವಿನ ದೂರ ಬಡವರಿಗೂ ಮಧ್ಯಮ ವರ್ಗಕ್ಕೂ ಇದ್ದ ದೂರ. ನಗರದ ತುದಿಯಿಂದ ತುದಿಗೆ ಅಳೆದಿದ್ದರೆ ಅದು ಇನ್ನೂ ಹೆಚ್ಚಾಗುತ್ತಿತ್ತೆಂದು ಊಹಿಸಬಹುದು. ಒಂದೇ ನಗರದ ಕಥೆಯನ್ನು ದೇಶಕ್ಕೆಲ್ಲ ಹಬ್ಬಿಸುವುದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು 2022ರಲ್ಲಿ ಫೇಸ್‌ಬುಕ್ಕಿನ ಸುಮಾರು 2,100 ಕೋಟಿ ಸ್ನೇಹಸಂಬಂಧಗಳನ್ನು ವಿಶ್ಲೇಷಿಸಿ, ಬಡವರು ಮತ್ತು ಉಳ್ಳವರ ನಡುವೆ ಸ್ನೇಹ ಹೆಚ್ಚಿರುವ ಊರುಗಳಲ್ಲಿ ಬಡ ಮಕ್ಕಳು ಮೇಲೇರುವ ಸಾಧ್ಯತೆಯೂ ಹೆಚ್ಚು ಎಂದು ತೋರಿಸಿದ ಮೇಲೆ, ಬಾಲ್ಟಿಮೋರನ್ನು ಅಪವಾದವೆಂದು ತಳ್ಳಿಹಾಕುವುದು ಕಷ್ಟವಾಗಿದೆ. ಆದರೆ ಸ್ನೇಹವನ್ನು ಎಣಿಸುವ ಆ ಲೆಕ್ಕದಲ್ಲಿ ಮಾವನ ವ್ಯಾನು ಕಾಣುವುದಿಲ್ಲ. ಅದನ್ನು ಕಾಣಲು ರಾಯ್ಸ್ಟರ್ ಮಾಡಿದಂತೆ ಐವತ್ತು ಜನರ ಎದುರು ಕೂತು ಕೇಳಬೇಕು.

ಹಾಗೆ ಕೇಳಿದಾಗ ಆ ಯುವಕರು ಕೊಟ್ಟ ಉತ್ತರಗಳಲ್ಲಿ ಒಂದು ನನ್ನನ್ನು ಬಹಳ ಕಾಡಿದೆ. ತಂದೆಯ ಗೆಳೆಯನಿಂದಲೋ ಮೇಷ್ಟ್ರ ಮಾತಿನಿಂದಲೋ ಕೆಲಸಕ್ಕೆ ಸೇರಿದ್ದ ಬಿಳಿಯ ಯುವಕರು, ಇಂದು ಕೆಲಸ ಸಿಗಬೇಕಾದರೆ ಕಪ್ಪುವರ್ಣೀಯನಾಗಿ ಹುಟ್ಟಿರಬೇಕು, ಮೀಸಲು ಕ್ರಮಗಳಿಂದಾಗಿ ಅವರಿಗೇ ಎಲ್ಲವೂ ಸುಲಭ ಎಂದು ದೂರಿಕೊಂಡಿದ್ದರು. ಅವರೊಂದಿಗೆ ಒಂದೇ ಕಾರ್ಯಾಗಾರದಲ್ಲಿ ಕಲಿತ ಕಪ್ಪುವರ್ಣೀಯ ಯುವಕರಲ್ಲಿ ಹಲವರು, ತಮಗೆ ಕೆಲಸ ಸಿಗದೆ ಹೋದದ್ದಕ್ಕೆ ತಮ್ಮ ಪ್ರಯತ್ನವೇ ಸಾಲದಾಯಿತೇನೋ ಎಂದು ತಮ್ಮನ್ನೇ ಹಳಿದುಕೊಂಡಿದ್ದರು.